ಬಿಸಿಲೂರಿನ ಕಾರಿಗೆ ಬ್ಲೂಟೂತ್ ಒಬಿಡಿ ಅಡಾಪ್ಟರ್: ಕೊಳ್ಳಬಹುದೇ?

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 43, 44 ಡಿಗ್ರಿ ಮುಟ್ಟುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಆದರೆ ಇದೇ ಬಿಸಿಲಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಎಷ್ಟಕ್ಕೋ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳೇ ಇಲ್ಲ. ತಣ್ಣಗಿದ್ದಾಗ ನೀಲಿ ದೀಪ, ಮಿತಿ ಮೀರಿದಾಗ ಕೆಂಪು ದೀಪ, ನಡುವಿನ ಕತೆ ಕತ್ತಲು. ಕೆಂಪು ದೀಪ ಹತ್ತುವ ಹೊತ್ತಿಗೆ ಎಂಜಿನ್ನಿನ ತಲೆಭಾಗ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್‌ಗೆ ಏಟು ಬಿದ್ದಿರಲೂಬಹುದು. ಕಾರಿನ ಕಂಪ್ಯೂಟರ್ (ಇಸಿಯು) ಬಳಿ ಇರುವ ಅಂಕಿಗಳನ್ನೂ ದೋಷದ ಕೋಡ್‌ಗಳನ್ನೂ ಓದಿ ಮೊಬೈಲ್‌ಗೆ ಕಳಿಸುವ, ಸಾವಿರ ರೂಪಾಯಿಯೊಳಗೆ ಸಿಗುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಕೊಳ್ಳುವುದಕ್ಕೆ ನಮ್ಮ ಭಾಗದವರಿಗಿರುವ ಮೊದಲ ಕಾರಣ ಇದು. ಚೆಕ್ ಎಂಜಿನ್ ದೀಪ ಆರಿಸಲಿಕ್ಕೆಂದು ಇದನ್ನು ಕೊಳ್ಳುವವರೇ ಹೆಚ್ಚು, ಆದರೆ ಅದರ ನಿಜವಾದ ಬೆಲೆ ಇರುವುದು ಓಡುತ್ತಿರುವ ಎಂಜಿನ್ನಿನ ಅಂಕಿಗಳನ್ನು ಕಣ್ಣಮುಂದೆ ಇಡುವುದರಲ್ಲಿ. ಹಾಗೆ ಬಳಸುವುದಾದರೆ ಧೈರ್ಯವಾಗಿ ಕೊಳ್ಳಿ. ಕೋಡ್ ಓದಿ ಅದರಲ್ಲಿ ಹೆಸರಿದ್ದ ಬಿಡಿಭಾಗ ತಂದು ಹಾಕುವ ಯೋಚನೆಯಿದ್ದರೆ ಬೇಡ, ಖರ್ಚು ಉಳಿಯುವುದಿಲ್ಲ, ಬೆಳೆಯುತ್ತದೆ.

ಸಾಧನ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸ್ಟೇರಿಂಗ್ ಕೆಳಗೆ, ಫ್ಯೂಸ್ ಡಬ್ಬಿಯ ಆಸುಪಾಸಿನಲ್ಲಿ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚಿ, ಮೊಬೈಲ್‌ನಲ್ಲಿ ಬ್ಲೂಟೂತ್ ಜೋಡಿಸಿ, ಟಾರ್ಕ್ ಅಥವಾ ಕಾರ್ ಸ್ಕ್ಯಾನರ್‌ನಂಥ ಆ್ಯಪ್ ತೆರೆದರೆ ಕೆಲಸ ಶುರು. ಜೋಡಿಸುವಾಗ ಕೇಳುವ ಪಿನ್ ಸಂಖ್ಯೆ 1234, ಇಲ್ಲವೇ 0000. ಹಳೆಯ ಮಾದರಿಯ ಬ್ಲೂಟೂತ್ ಅಡಾಪ್ಟರ್ ಐಫೋನ್‌ಗೆ ಹೊಂದುವುದಿಲ್ಲ. ಐಫೋನ್ ಇರುವವರು ಬ್ಲೂಟೂತ್ 4.0 ಲೋ ಎನರ್ಜಿ ಎಂದು ಬರೆದಿರುವುದನ್ನೋ ವೈಫೈ ಮಾದರಿಯನ್ನೋ ನೋಡಿಕೊಳ್ಳಬೇಕು.

ನಿಮ್ಮ ಕಾರಿಗೆ ಹೊಂದುತ್ತದೆಯೇ ಎಂಬುದಕ್ಕೆ ತಯಾರಾದ ವರ್ಷವೇ ಒಳ್ಳೆಯ ಸುಳಿವು. ಭಾರತದಲ್ಲಿ ಕಾರುಗಳಿಗೆ ಒಬಿಡಿಯ ಎರಡನೇ ಹಂತ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದರ ನಂತರದ ಪೆಟ್ರೋಲ್, ಡೀಸೆಲ್ ಗಾಡಿಗಳು ಸಾಮಾನ್ಯವಾಗಿ ಮಾತಾಡುತ್ತವೆ. ಅದಕ್ಕೂ ಹಳೆಯವುಗಳಲ್ಲಿ ಸಾಕೆಟ್ ಇದ್ದರೂ ಕಂಪನಿಯ ಸ್ವಂತ ಭಾಷೆ ಇರಬಹುದು, ಆಗ ಈ ಅಗ್ಗದ ಸಾಧನ ಮೂಕ.

ಅಗ್ಗದ ಮಾಲಿನ ಗುಣವನ್ನು ಮುಚ್ಚಿಡುವಂತಿಲ್ಲ. ಇವೆಲ್ಲ ಇಎಲ್‌ಎಂ327 ಎಂಬ ಕೆನಡಾದ ಚಿಪ್ಪಿನ ನಕಲುಗಳು. ಡಬ್ಬಿಯ ಮೇಲೆ ಆವೃತ್ತಿ 1.5 ಎಂದು ಬರೆದಿರುತ್ತದೆ. ಮೂಲ ಕಂಪನಿ ಆ ಸಂಖ್ಯೆಯ ಆವೃತ್ತಿಯನ್ನು ಹೊರತಂದೇ ಇಲ್ಲ. 2.1 ಎಂದು ಬರೆದಿರುವ ಎಷ್ಟೋ ನಕಲುಗಳಲ್ಲಿ ಕೆಲವು ಆಜ್ಞೆಗಳೇ ಇರುವುದಿಲ್ಲ, ಹೆಚ್ಚಿನ ಸಂಖ್ಯೆ ನೋಡಿ ಹೊಸದೆಂದು ತಿಳಿದರೆ ಮೋಸ. ನಕಲಿಗೆ ಅಮೆರಿಕದ ಹಳೆಯ ಗಾಡಿಗಳ ಭಾಷೆ ಬರದಿದ್ದರೆ ನಮಗೆ ನಷ್ಟವಿಲ್ಲ. ಇಲ್ಲಿನ ಕಾರುಗಳಿಗೆ ಬೇಕಾದದ್ದು 6 ಮತ್ತು 14ನೇ ಪಿನ್ನಿನಲ್ಲಿ ಮಾಹಿತಿ ಸಾಗಿಸುವ ಕ್ಯಾನ್ ಜಾಲ, ಹಳೆಯ ಗಾಡಿಗಳಿಗೆ 7ನೇ ಪಿನ್ನಿನ ಕೆ ಲೈನ್ ಎಂಬ ತಂತಿ. ನಕಲುಗಳ ನಿಜವಾದ ಕೊರತೆ ನಿಧಾನ: ಒಂದೇ ಪರದೆಯಲ್ಲಿ ಎಂಟು ಹತ್ತು ಅಂಕಿ ತೆರೆದರೆ ಮುಳ್ಳುಗಳು ಕುಂಟುತ್ತವೆ. ಮೂರೋ ನಾಲ್ಕೋ ಅಂಕಿ ಮಾತ್ರ ಇಟ್ಟುಕೊಂಡರೆ ಮನೆಯ ಪರೀಕ್ಷೆಗೆ ಸಾಲುತ್ತದೆ.

ಈಗ ಮುಖ್ಯ ಕೆಲಸಕ್ಕೆ ಬರೋಣ, ಬಿಸಿ ಅಳೆಯುವುದು.

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಎಂಜಿನ್ ಶುರು ಮಾಡದೆ ಕೀ ಮಾತ್ರ ಆನ್ ಮಾಡಿ. ಆ್ಯಪ್‌ನಲ್ಲಿ ಎರಡು ಅಂಕಿ ತೆಗೆಯಿರಿ: ಕೂಲಂಟ್‌ನ (ಎಂಜಿನ್ ತಂಪಾಗಿಡುವ ದ್ರವ) ತಾಪ, ಒಳಗೆ ಎಳೆಯುವ ಗಾಳಿಯ ತಾಪ. ಎರಡೂ ಹೊರಗಿನ ಹವೆಗೆ ಹತ್ತಿರವಿರಬೇಕು, ಒಂದಕ್ಕೊಂದು ನಾಲ್ಕೈದು ಡಿಗ್ರಿಗಿಂತ ಹೆಚ್ಚು ದೂರ ಇರಬಾರದು. ಕೂಲಂಟ್ ತಾಪ ಮೈನಸ್ 40 ಎಂದು ತೋರಿಸಿದರೆ ಎಂಜಿನ್ನಿಗೆ ಏನೂ ಆಗಿಲ್ಲ, ಸೆನ್ಸರ್‌ನ ತಂತಿ ಎಲ್ಲೋ ಕಡಿದಿದೆ ಅಥವಾ ಕನೆಕ್ಟರ್ ಕಳಚಿದೆ. ಕೋಡ್ ಪಿ0118 ಜೊತೆಗೆ ಬರುತ್ತದೆ. ತೊಗರಿ ರಾಶಿಯ ಕಾಲದಲ್ಲಿ, ಚೀಲ ಒಟ್ಟಿದ ಕಡೆ ನಿಲ್ಲಿಸಿದ ಗಾಡಿಗಳಲ್ಲಿ ಇಲಿ ತಂತಿ ಕಡಿಯುವುದು ಸಾಮಾನ್ಯ, ಹಾಗಾಗಿ ಸೆನ್ಸರ್ ಕೊಳ್ಳುವ ಮೊದಲು ಟಾರ್ಚ್ ಬೆಳಕಿನಲ್ಲಿ ವೈರಿಂಗ್ ನೋಡಿ. ಇಂಥ ಹೊತ್ತಿನಲ್ಲಿ ಹೆಚ್ಚಿನ ಗಾಡಿಗಳು ಮುನ್ನೆಚ್ಚರಿಕೆಯಾಗಿ ಫ್ಯಾನ್ ಅನ್ನು ನಿಲ್ಲಿಸದೇ ಓಡಿಸುತ್ತವೆ, ಕೀ ಆನ್ ಮಾಡಿದ ಕೂಡಲೇ ಫ್ಯಾನ್ ತಿರುಗಿದರೆ ಇದನ್ನೇ ಮೊದಲು ಅನುಮಾನಿಸಿ.

ಬಳಿಕ ಎಂಜಿನ್ ಶುರು ಮಾಡಿ, ಎಸಿ ಆಫ್ ಇಟ್ಟು, ಬಾನೆಟ್ ತೆರೆದು ಅಂಕಿ ನೋಡುತ್ತಾ ನಿಲ್ಲಿ. 80 ದಾಟಿದ ಮೇಲೆ, ರೇಡಿಯೇಟರ್‌ಗೆ ಕೂಲಂಟ್ ಬಿಡುವ ಕವಾಟವಾದ ಥರ್ಮೋಸ್ಟಾಟ್ ತೆರೆಯುತ್ತದೆ, ಮೇಲಿನ ರೇಡಿಯೇಟರ್ ಪೈಪಿಗೆ ಏಕಾಏಕಿ ಬಿಸಿ ಹತ್ತುವುದರಿಂದ ಅದು ಗೊತ್ತಾಗುತ್ತದೆ. ಪೈಪನ್ನು ಬರಿಗೈಯಲ್ಲಿ ಹಿಡಿಯದೆ ಅಂಗೈ ಹತ್ತಿರ ತಂದು ನೋಡಿದರೆ ಸಾಕು. ಅಂಕಿ ಮೆಲ್ಲಗೆ ಏರಿ 95ರಿಂದ 100ರ ನಡುವೆ ಎಲ್ಲೋ ಫ್ಯಾನ್ ಹೊರಳಬೇಕು. ಫ್ಯಾನ್ ಶುರುವಾದ ಒಂದೆರಡು ನಿಮಿಷದಲ್ಲಿ ಅಂಕಿ ಐದಾರು ಡಿಗ್ರಿ ಇಳಿದು, ಫ್ಯಾನ್ ನಿಂತು, ಮತ್ತೆ ಏರಬೇಕು. ಈ ಏರಿಳಿತ ಮೂರು ಸಲ ಒಂದೇ ರೀತಿ ನಡೆದರೆ ತಂಪಿನ ವ್ಯವಸ್ಥೆ ನಿಂತಲ್ಲಿ ಸರಿಯಿದೆ. ಫ್ಯಾನ್ ಶುರುವಾದ ಮತ್ತು ನಿಂತ ಎರಡೂ ಅಂಕಿ ಬರೆದಿಟ್ಟುಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಅದೇ ನಿಮ್ಮ ಗಾಡಿಯ ಅಳತೆಗೋಲು, ಇನ್ನೊಬ್ಬರ ಗಾಡಿಯ ಅಂಕಿ ಅಲ್ಲ.

105 ದಾಟಿಯೂ ಫ್ಯಾನ್ ತಿರುಗದಿದ್ದರೆ ಎಂಜಿನ್ ಆಫ್ ಮಾಡುವ ಮೊದಲು ಒಂದು ಕ್ಷಣ ಎಸಿ ಆನ್ ಮಾಡಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದರೆ ಫ್ಯಾನ್ ಹೊರಳಲೇಬೇಕು. ಎಸಿಗೆ ಹೊರಳಿ, ಬಿಸಿಗೆ ಹೊರಳದಿದ್ದರೆ ಮೋಟಾರ್ ಚೆನ್ನಾಗಿದೆ, ದೋಷ ಸೆನ್ಸರ್ ಕಡೆ ಅಥವಾ ಆಜ್ಞೆ ಬರುವ ತಂತಿಯಲ್ಲಿದೆ. ಎರಡಕ್ಕೂ ಹೊರಳದಿದ್ದರೆ ಫ್ಯೂಸ್ ನೋಡಿ. ಫ್ಯೂಸ್ ಸರಿಯಿದ್ದರೆ ಫ್ಯಾನ್‌ಗೆ ಕರೆಂಟ್ ಬಿಡುವ ರಿಲೇ ಬದಲಿಸಿ ನೋಡಿ: ಡಬ್ಬಿಯಲ್ಲಿ ಅದೇ ಸಂಖ್ಯೆಯ, ಅದೇ ಪಿನ್ ಜೋಡಣೆಯ ಇನ್ನೊಂದು ರಿಲೇ ಇದ್ದರೆ, ಉದಾಹರಣೆಗೆ ಹಾರ್ನ್‌ನದು, ಅದನ್ನು ತಂದು ಹಾಕುವುದಕ್ಕೆ ಐದು ಪೈಸೆ ಖರ್ಚಿಲ್ಲ. ಅದಕ್ಕೂ ಜಗ್ಗದಿದ್ದರೆ ಫ್ಯಾನ್‌ನ ಕನೆಕ್ಟರ್ ಬಿಚ್ಚಿ, ನಡುವೆ ಫ್ಯೂಸ್ ಇರುವ ದಪ್ಪ ತಂತಿಯಿಂದ ಬ್ಯಾಟರಿಯ 12 ವೋಲ್ಟ್ ನೇರ ಕೊಡಿ. ಆಗಲೂ ತಿರುಗದಿದ್ದರೆ ಮೋಟಾರೇ ಕೆಟ್ಟಿದೆ, ಅದರ ಬ್ರಷ್ ಸವೆದಿರಬಹುದು. ಇಷ್ಟು ಮಾಡುವಾಗ ಫ್ಯಾನ್ ಯಾವ ಗಳಿಗೆಯಲ್ಲಾದರೂ ಹೊರಳಬಹುದು, ಬೆರಳು, ದುಪಟ್ಟಾ, ಟವೆಲ್ ದೂರವಿರಲಿ.

ನಿಂತಲ್ಲಿ ಎಲ್ಲ ಸರಿಯಿದ್ದು, ದಾರಿಯಲ್ಲಿ ಅಂಕಿ ಏರಿದರೆ ಅದು ಬೇರೆ ರೋಗ. ಸೂಪರ್ ಮಾರ್ಕೆಟ್‌ನ ಸಂದಣಿಯಲ್ಲಿ ಏರಿ ರಿಂಗ್ ರೋಡಿಗೆ ಬಂದು ಇಳಿದರೆ ಫ್ಯಾನ್ ಅಥವಾ ಗಾಳಿ ಹಾಯುವ ದಾರಿ. ಹುಮನಾಬಾದ್ ರಸ್ತೆಯಲ್ಲಿ 80, 90ರ ವೇಗದಲ್ಲಿ ಎಸಿ ಹಾಕಿ ಹೊರಟಾಗ ಏರಿದರೆ ಗಾಳಿ ಸಾಕಷ್ಟಿದೆ, ನೀರಿನ ಹರಿವು ಸಾಲುತ್ತಿಲ್ಲ: ಕೂಲಂಟ್ ಕಡಿಮೆ, ಥರ್ಮೋಸ್ಟಾಟ್ ಅರ್ಧ ಅಂಟಿದೆ, ವಾಟರ್ ಪಂಪ್ ಸೋತಿದೆ, ಅಥವಾ ರೇಡಿಯೇಟರ್ ಒಳಗೆ ಕಟ್ಟಿದೆ. ನಮ್ಮ ಕಡೆ ಕೊನೆಯದು ಹೆಚ್ಚು. ಕಾರಣ ಬೋರ್‌ವೆಲ್ ನೀರು. ಕೂಲಂಟ್ ಕಡಿಮೆಯಾದಾಗ ಬಾಟಲಿಯ ಗಡಸು ನೀರು ಸುರಿದು ಸುರಿದು ಸಣ್ಣ ಕೊಳವೆಗಳ ಒಳಗೋಡೆಗೆ ಬಿಳಿ ಸುಣ್ಣದ ಪದರ ಕಟ್ಟುತ್ತದೆ, ಚಹಾ ಪಾತ್ರೆಯ ತಳದಲ್ಲಿ ಕಟ್ಟುವಂತೆಯೇ. ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಸಮ ಬೆರೆಸಿ ಹಾಕಿ. ಬೆರೆಸಿಯೇ ಮಾರುವ ಕೂಲಂಟ್ ಆದರೆ ನೀರು ಸೇರಿಸುವಂತಿಲ್ಲ, ಡಬ್ಬಿಯ ಮೇಲೆ ಓದಿಕೊಳ್ಳಿ. ಈ ಸಮಸಮ ಮಿಶ್ರಣ ತೆರೆದ ಪಾತ್ರೆಯಲ್ಲಿ 107 ಡಿಗ್ರಿಯ ಆಸುಪಾಸಿಗೆ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಾಗ ಕುದಿಬಿಂದು 120ಕ್ಕೂ ಮೇಲೆ ಹೋಗುತ್ತದೆ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಆ ರಕ್ಷಣೆ ಹೋಯಿತು. ಹಾಗಾಗಿ ಬಿಸಿಯ ದೂರಿಗೆ ಮೊದಲ ಖರೀದಿ ಮುಚ್ಚಳವೇ ಆಗಲಿ, ಎಲ್ಲಕ್ಕಿಂತ ಅಗ್ಗ ಅದು. ಮುಚ್ಚಳ ತೆಗೆಯುವುದು ಮಾತ್ರ ಅಂಕಿ 50ಕ್ಕಿಂತ ಕೆಳಗಿಳಿದ ಮೇಲೆ. ಈ ಅಂಕಿ ಪರದೆಯಲ್ಲೇ ಕಾಣುವುದು ಸಾಧನದ ದೊಡ್ಡ ಉಪಕಾರ, ಮುಖಕ್ಕೆ ಬಿಸಿನೀರು ಚಿಮ್ಮಿಸಿಕೊಳ್ಳುವ ಅಪಾಯ ತಪ್ಪುತ್ತದೆ.

ಗಾಳಿಯ ದಾರಿಯ ಬಗ್ಗೆ ಒಂದು ಮಾತು. ಸೇಡಂ, ವಾಡಿ, ಶಹಾಬಾದ್ ಕಡೆಯ ಸಿಮೆಂಟು, ಕಲ್ಲಿನ ಧೂಳು, ಎರೆಭೂಮಿಯ ಮಣ್ಣು, ರಾಶಿ ಕಾಲದ ಹೊಟ್ಟು, ಇವೆಲ್ಲ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಬೆರಳಗಲದ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತವೆ. ಮುಂದಿನಿಂದ ನೋಡಿದರೆ ಕಾಣುವುದಿಲ್ಲ. ತಣ್ಣಗಿದ್ದಾಗ, ಎಂಜಿನ್ ಕಡೆಯಿಂದ ಹೊರಗೆ, ಸಣ್ಣ ಒತ್ತಡದ ನೀರು ಬಿಡಿ. ಕಾರ್ ವಾಶ್‌ನ ಜೋರು ಪಿಚಕಾರಿ ಬೇಡ, ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ಇದರ ವಿರುದ್ಧ ದೋಷವೂ ಇದೆ. ಹತ್ತಿಪ್ಪತ್ತು ಕಿಲೋಮೀಟರ್ ಓಡಿದರೂ ಅಂಕಿ 70ರ ಮೇಲೇರದಿದ್ದರೆ ಥರ್ಮೋಸ್ಟಾಟ್ ತೆರೆದೇ ಅಂಟಿಕೊಂಡಿದೆ. ಕೋಡ್ ಪಿ0128. ಬಿಸಿಲ ನಾಡಿನಲ್ಲಿ ಇದನ್ನು ಒಳ್ಳೆಯದೆಂದು ತಿಳಿದು, ಥರ್ಮೋಸ್ಟಾಟ್ ಕಿತ್ತೇ ಓಡಿಸುವ ರೂಢಿ ಕೆಲವು ಗ್ಯಾರೇಜುಗಳಲ್ಲಿದೆ. ಅದು ತಪ್ಪು. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು ಹೆಚ್ಚು ಇಂಧನ ಕೊಡುತ್ತದೆ, ಮೈಲೇಜ್ ಬೀಳುತ್ತದೆ, ಎಣ್ಣೆಗೆ ಪೆಟ್ರೋಲ್ ಇಳಿಯುತ್ತದೆ.

ಇನ್ನು ಕೋಡ್‌ಗಳು. ಮೊದಲ ಅಕ್ಷರ ಪಿ ಅಂದರೆ ಎಂಜಿನ್, ಗೇರ್‌ಬಾಕ್ಸ್ ಕಡೆಯದು. ನಂತರದ ಅಂಕಿ 0 ಆದರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಆದರೆ ಆಯಾ ಕಂಪನಿಯದು, ಅದರ ಅರ್ಥವನ್ನು ಉಚಿತ ಆ್ಯಪ್ ಹೇಳಿದರೂ ನಂಬಬೇಡಿ. ಕೋಡ್ ಕಂಡ ಕೂಡಲೇ ಅಳಿಸುವ ಗುಂಡಿ ಒತ್ತುವುದು ದೊಡ್ಡ ತಪ್ಪು. ದೋಷ ಹುಟ್ಟಿದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಬಿಸಿ ಎಷ್ಟಿತ್ತು, ಆರ್‌ಪಿಎಂ ಎಷ್ಟಿತ್ತು ಎಂದು ಇಸಿಯು ಬರೆದಿಟ್ಟ ಫ್ರೀಜ್ ಫ್ರೇಮ್ ಕೂಡ ಅದರ ಜೊತೆ ಅಳಿಸಿಹೋಗುತ್ತದೆ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಮಿಸ್ತ್ರಿಯ ಹತ್ತಿರ ಹೋಗುವುದಿದ್ದರೆ ಅಳಿಸದೇ ಹೋಗಿ, ಅವರ ಅರ್ಧ ಕೆಲಸ ಉಳಿಯುತ್ತದೆ.

ಪಿ0302 ಬಂದಿತೆನ್ನಿ: ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಇಷ್ಟೇ ಅದರ ಮಾತು. ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಹೋಗಿದೆ ಎಂದು ಅದು ಹೇಳಿಲ್ಲ. ಪ್ರತಿ ಪ್ಲಗ್‌ಗೂ ಬೇರೆ ಕಾಯಿಲ್ ಇರುವ ಎಂಜಿನ್ನಿನಲ್ಲಿ ಪತ್ತೆ ಸುಲಭ. ಎಂಜಿನ್ ತಣ್ಣಗಾದ ಮೇಲೆ 10ರ ಪಾನಾದಿಂದ ಬೋಲ್ಟ್ ಬಿಚ್ಚಿ ಎರಡನೇ ಮತ್ತು ಮೂರನೇ ಸಿಲಿಂಡರ್‌ನ ಕಾಯಿಲ್ ಅದಲುಬದಲು ಮಾಡಿ, ಕೋಡ್ ಅಳಿಸಿ, ಹತ್ತು ಕಿಲೋಮೀಟರ್ ಓಡಿಸಿ. ಕೋಡ್ ಪಿ0303 ಆಗಿ ಬಂದರೆ ದೋಷ ಕಾಯಿಲ್ ಜೊತೆ ನಡೆದುಹೋಗಿದೆ, ಕಾಯಿಲ್ ಕೊಳ್ಳಿ. ಪಿ0302 ಆಗಿಯೇ ಉಳಿದರೆ ಪ್ಲಗ್ ಅದಲುಬದಲು ಮಾಡಿ ಅದೇ ಪರೀಕ್ಷೆ. ಅದಕ್ಕೂ ಕದಲದಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್, ಅಲ್ಲಿಂದ ಮುಂದೆ ಗ್ಯಾರೇಜ್. ಪ್ಲಗ್ ಹಾಕುವಾಗ ಕೊನೆಯ ಸುತ್ತಿನವರೆಗೂ ಕೈಯಿಂದಲೇ ತಿರುಗಿಸಿ. ಅಡ್ಡ ಎಳೆ ಹತ್ತಿದರೆ ಹೆಡ್ಡೇ ಕೆಡುತ್ತದೆ. ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯದೆ ಮಿನುಗುತ್ತಿದ್ದರೆ ಪರೀಕ್ಷೆಗೂ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತದೆ, ಅದರ ಬೆಲೆ ಕಾಯಿಲ್‌ನ ಬೆಲೆಗಿಂತ ಎಷ್ಟೋ ಪಟ್ಟು.

ಪಿ0171, ಅಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಈ ಕೋಡ್ ನೋಡಿ ಆಕ್ಸಿಜನ್ ಸೆನ್ಸರ್ ಬದಲಿಸಿದವರು ಬಹಳ, ಆದರೆ ಆ ಸೆನ್ಸರ್ ಬಹುತೇಕ ಸುದ್ದಿ ತಂದ ಅಂಚೆಯವನಷ್ಟೇ. ಇಲ್ಲಿ, ಇಸಿಯು ಇಂಧನವನ್ನು ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂದು ತೋರಿಸುವ ಫ್ಯೂಯಲ್ ಟ್ರಿಮ್ ಎಂಬ ಅಂಕಿ ನೋಡಬೇಕು. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ. ಪ್ಲಸ್ ಮೈನಸ್ 10 ಪ್ರತಿಶತದೊಳಗೆ ಇದ್ದರೆ ಚಿಂತೆಯಿಲ್ಲ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಪ್ಲಸ್ 20 ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ 5ರ ಹತ್ತಿರ ಇಳಿದರೆ ಎಲ್ಲೋ ಗಾಳಿ ಸೋರಿ ಒಳಬರುತ್ತಿದೆ: ಬಿಸಿಲಿಗೆ ಒಣಗಿ ಬಿರಿದ ರಬ್ಬರ್ ಪೈಪು, ಎಂಜಿನ್ನಿನೊಳಗಿನ ಆವಿಯನ್ನು ಮತ್ತೆ ಎಳೆಯುವ ಪಿಸಿವಿ ಪೈಪು, ಇನ್‌ಟೇಕ್ ಗ್ಯಾಸ್ಕೆಟ್. ಐಡಲ್‌ನಲ್ಲಿ ಸರಿಯಿದ್ದು, ಎತ್ತರ ಏರುವಾಗ, ವೇಗ ಹೆಚ್ಚಿದಾಗ ಪ್ಲಸ್ ಕಡೆ ಓಡಿದರೆ ಇಂಧನ ಸಾಲುತ್ತಿಲ್ಲ, ಫಿಲ್ಟರ್ ಅಥವಾ ಪಂಪ್ ನೋಡಬೇಕು. ಗಾಳಿ ಅಳೆಯುವ ಮಾಫ್ ಸೆನ್ಸರ್ ಇರುವ ಗಾಡಿಯಾದರೆ ಅದಕ್ಕೆಂದೇ ಬರುವ ಸ್ಪ್ರೇಯಿಂದ ತೊಳೆದು ನೋಡಿ, ಬಟ್ಟೆ ತಾಗಿಸಬೇಡಿ. ಧೂಳಿನ ರಸ್ತೆಯಲ್ಲೇ ಓಡುವ ಗಾಡಿಗೆ ಏರ್ ಫಿಲ್ಟರ್ ಅನ್ನು ಮ್ಯಾನ್ಯುಯಲ್ ಹೇಳಿದ ಅರ್ಧ ಅಂತರಕ್ಕೇ ಬದಲಿಸಿ.

ಬ್ಯಾಟರಿಯ ವಿಷಯದಲ್ಲಿ ಸಾಧನಕ್ಕೆ ಪೂರ್ತಿ ಅಂಕ ಕೊಡಲಾಗದು. ನಕಲಿ ಅಡಾಪ್ಟರ್‌ನ ಸ್ವಂತ ವೋಲ್ಟೇಜ್ ಅಳತೆ 0.2, 0.3 ವೋಲ್ಟ್‌ನಷ್ಟು ಆಚೀಚೆ ಇರುತ್ತದೆ, ಬ್ಯಾಟರಿಯ ತೀರ್ಮಾನ ನಿಲ್ಲುವುದೇ ಅಷ್ಟರ ಮೇಲೆ. ಜೊತೆಗೆ ಒಂದು ಡಿಜಿಟಲ್ ಮಲ್ಟಿಮೀಟರ್ ಇರಲಿ. ರಾತ್ರಿ ನಿಂತ ಗಾಡಿಯಲ್ಲಿ 12.6 ಬಂದರೆ ತುಂಬಿದ ಬ್ಯಾಟರಿ, 12.2 ಅರ್ಧ, 12ಕ್ಕಿಂತ ಕೆಳಗೆ ಖಾಲಿಯೆಂದೇ ಲೆಕ್ಕ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಮುದಿಯಾಗಿದೆ. ಎಂಜಿನ್ ಓಡುವಾಗ 13.8ರಿಂದ 14.5 ಇದ್ದರೆ ಆಲ್ಟರ್ನೇಟರ್ ಸರಿ, ಹೊಸ ಗಾಡಿಗಳ ಸ್ಮಾರ್ಟ್ ಚಾರ್ಜಿಂಗ್ ಇದಕ್ಕೂ ಕೆಳಗೆ ಇಳಿಸಬಲ್ಲದು, ಹಾಗಾಗಿ ಹೆಡ್‌ಲೈಟ್, ಬ್ಲೋವರ್ ಹಾಕಿ ನೋಡಿ. ನಮ್ಮಲ್ಲಿ ಬ್ಯಾಟರಿಯನ್ನು ತಿನ್ನುವುದು ಬೇಸಿಗೆ, ಕೈಕೊಡುವುದು ಡಿಸೆಂಬರಿನ ಬೆಳಿಗ್ಗೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಂಡರೆ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಉಜ್ಜಿ, ಒರೆಸಿ, ಪ್ಲಸ್ ಮೊದಲು ಹಾಕಿ ಮೈನಸ್ ಕೊನೆಗೆ ಹಾಕಿ.

ಇದೇ ಬ್ಯಾಟರಿಗೆ ಅಡಾಪ್ಟರ್ ತಾನೇ ಶತ್ರುವಾಗುವುದೂ ಉಂಟು. ಸಾಕೆಟ್‌ನ 16ನೇ ಪಿನ್‌ಗೆ ಕೀ ತೆಗೆದರೂ ಕರೆಂಟ್ ಇರುತ್ತದೆ. ಸಾಧನ 40 ಮಿಲಿಆಂಪ್ ಎಳೆದರೂ ದಿನಕ್ಕೆ ಹತ್ತಿರ ಹತ್ತಿರ 1 ಆಂಪ್ ಅವರ್ ಹೋಯಿತು. ಸಣ್ಣ ಕಾರಿನ 35 ಆಂಪ್ ಅವರ್ ಬ್ಯಾಟರಿ ಎರಡು ವಾರ ನಿಂತರೆ ಸೆಲ್ಫ್ ಎತ್ತುವುದು ಕಷ್ಟ. ಕೆಲಸ ಮುಗಿದ ಮೇಲೆ ಕಿತ್ತು ಮನೆಯೊಳಗಿಡಿ. ಮೇ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ 60 ಡಿಗ್ರಿ ದಾಟುತ್ತದೆ, ಅಗ್ಗದ ಪ್ಲಾಸ್ಟಿಕ್ಕಿಗೆ ಅದೂ ಒಳ್ಳೆಯದಲ್ಲ. ಉದ್ದನೆಯ ಮಾದರಿ ಕ್ಲಚ್ ಒತ್ತುವ ಕಾಲಿಗೆ ತಾಗಿ ಸಾಕೆಟ್ ಸಡಿಲಾಗುತ್ತದೆ, ಗಿಡ್ಡನೆಯದನ್ನೇ ಆರಿಸಿ.

ಡೀಸೆಲ್ ಗಾಡಿಯವರ ನಿರೀಕ್ಷೆ ಸ್ವಲ್ಪ ಕಡಿಮೆಯಿರಲಿ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಮಸಿ ಎಷ್ಟು ತುಂಬಿದೆ ಎಂಬ ಅಂಕಿ ಕಂಪನಿಯ ಸ್ವಂತ ಭಾಷೆಯಲ್ಲಿರುವುದರಿಂದ ಸಾಮಾನ್ಯ ಆ್ಯಪ್‌ಗೆ ಬಹಳ ಸಲ ಸಿಗುವುದಿಲ್ಲ. ದೀಪ ಹತ್ತಿದಾಗ ಮಾಡುವುದು ಒಂದೇ: ಊರು ದಾಟಿ, ತೆರೆದ ರಸ್ತೆಯಲ್ಲಿ ಗೇರ್ ಒಂದು ಕೆಳಗಿಟ್ಟು 2000 ಆರ್‌ಪಿಎಂ ಮೇಲೆ 15ರಿಂದ 20 ನಿಮಿಷ ನಿಲ್ಲಿಸದೇ ಓಡಿಸುವುದು. ಊರೊಳಗೇ ಐದು ಕಿಲೋಮೀಟರ್ ತಿರುಗುವ ಡೀಸೆಲ್ ಗಾಡಿಗೆ ವಾರಕ್ಕೊಮ್ಮೆ ಜೇವರ್ಗಿ ರಸ್ತೆಯೋ ಆಳಂದ ರಸ್ತೆಯೋ ಬೇಕೇ ಬೇಕು. ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಸದ್ದು, ಎಸಿ ಗ್ಯಾಸ್, ಎಂಜಿನ್ ಎಣ್ಣೆಯ ಮಟ್ಟ, ಇವು ಯಾವುವೂ ಈ ಪರದೆಯಲ್ಲಿ ಬರುವುದಿಲ್ಲ. ಎಬಿಎಸ್, ಏರ್‌ಬ್ಯಾಗ್ ಕೋಡ್‌ಗಳೂ ಹೆಚ್ಚಿನ ಗಾಡಿಗಳಲ್ಲಿ ಬರುವುದಿಲ್ಲ, ಏರ್‌ಬ್ಯಾಗ್ ದೀಪ ಹತ್ತಿದರೆ ಆ ಹಳದಿ ಕನೆಕ್ಟರ್‌ಗಳಿಗೆ ಮನೆಯಲ್ಲಿ ಕೈ ಹಾಕಲೇಬೇಡಿ. ಅಂಕಿ ನೋಡುವುದಕ್ಕೆ ಓಡಿಸುವವರು ಮೊಬೈಲ್ ಹಿಡಿಯದೆ, ಆ್ಯಪ್‌ನ ರೆಕಾರ್ಡ್ ಹಾಕಿ ಮನೆಗೆ ಬಂದು ನೋಡಿ, ಅಥವಾ ಪಕ್ಕದಲ್ಲಿ ಕೂತವರಿಗೆ ಕೊಡಿ.

ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕಳಿಸುವ ಅವಧಿಯೊಳಗೇ ಪರೀಕ್ಷೆ ಮುಗಿಸಿ. ಚುಚ್ಚಿದ ಕೂಡಲೇ ದೀಪ ಹತ್ತಬೇಕು. ಹತ್ತದಿದ್ದರೆ ಸಾಧನವನ್ನು ಬೈಯುವ ಮೊದಲು ಸಾಕೆಟ್‌ನ 4 ಮತ್ತು 16ನೇ ಪಿನ್ ನಡುವೆ ಮಲ್ಟಿಮೀಟರ್ ಇಟ್ಟು 12 ವೋಲ್ಟ್ ಇದೆಯೇ ನೋಡಿ. ಎಷ್ಟೋ ಕಾರುಗಳಲ್ಲಿ ಈ ಸಾಕೆಟ್‌ನ ಫ್ಯೂಸ್ ಒಳದೀಪದ ಅಥವಾ ಚಾರ್ಜರ್ ಸಾಕೆಟ್‌ನ ಫ್ಯೂಸ್ ಜೊತೆ ಒಂದೇ ಇರುತ್ತದೆ, ಅದು ಸುಟ್ಟಿರಬಹುದು. ಸಾಧನ ಸಿಕ್ಕಿ ಇಸಿಯು ಸಿಗದಿದ್ದರೆ ಕೀ ಎರಡನೇ ಹಂತಕ್ಕೆ ಬಂದಿದೆಯೇ ನೋಡಿ, ಆ್ಯಪ್‌ನಲ್ಲಿ ಪ್ರೊಟೊಕಾಲ್ ಅನ್ನು ಆಟೊದಿಂದ ಬದಲಿಸಿ ಕ್ಯಾನ್ 11 ಬಿಟ್ 500 ಕೆ ಇಟ್ಟು ಇನ್ನೊಮ್ಮೆ ಯತ್ನಿಸಿ. ನಂತರ ಎಂಜಿನ್ ಓಡಿಸಿ ಕೂಲಂಟ್ ತಾಪ, ಆರ್‌ಪಿಎಂ, ಎರಡೂ ಫ್ಯೂಯಲ್ ಟ್ರಿಮ್ ತೆರೆದು ಅರ್ಧ ಗಂಟೆ ಬಿಡಿ. ನಡುವೆ ಸಂಪರ್ಕ ಎರಡು ಮೂರು ಸಲ ಕಡಿದರೆ, ಅಥವಾ ಆಕ್ಸಿಲರೇಟರ್ ಒತ್ತಿ ಎರಡು ಮೂರು ಸೆಕೆಂಡ್ ಆದ ಮೇಲೆ ಆರ್‌ಪಿಎಂ ಅಂಕಿ ಕದಲಿದರೆ ಆ ನಗವನ್ನು ಇಟ್ಟುಕೊಳ್ಳಬೇಡಿ, ಕಳಿಸಿ ಬೇರೆ ತರಿಸಿ.